ಎಡಕ್ಕೆ ಹೊರಳಿದ ಹೆರಳು

ಶಹಾಪುರ, ಬೆಳಗಾವಿ
೨೧-೯-೧೯೭೮

ಚಿ. ಸೌ. ಗಂಗಾದೇವಿಗೆ ಕಾಶವ್ವನ ಆಶೀರ್ವಾದ.

ಇಲ್ಲಿ ಎಲ್ಲ ಕ್ಷೇಮ ಎಂದು ಮೊದಲ ಸಾಲಿಗೆ ಬರೆಯುವುದು ರೂಢಿ. ಬರೆದಿದ್ದೇನೆ. ಈಗ ಕೆಲಸದ ಮಾತು.

ಅವ್ವನ ಕಣ್ಣಿನ ಡಾಕ್ಟರರನ್ನು ಕಂಡು ಬಂದೆ. ಪೊರೆ ಬಲಿತಿದೆ, ಸಂಕ್ರಮಣ ಮುಗಿದ ಮೇಲೆ ಕರೆತನ್ನಿ ಎಂದರು. ಆಪರೇಶನ್ ಆದ ಮೇಲೆ ಎರಡೂ ಕಣ್ಣಿಗೆ ಪಟ್ಟಿ. ವಾರದ ಮಟ್ಟಿಗೆ ತಲೆ ಅಲುಗಿಸುವಂತಿಲ್ಲ. ಜೋರಾಗಿ ಕೆಮ್ಮಿದರೂ ಹೊಲಿಗೆ ಬಿಚ್ಚೀತು ಎಂದು ಹೆದರಿಸಿದ್ದಾರೆ. ಜನವರಿಯ ಬೆಳಗಾವಿಯ ಥಂಡಿ ನಿನಗೆ ಗೊತ್ತು. ತಲೆಯ ಮೇಲಿಂದ ಎಳೆದು ಹಾಕುವ ಸ್ವೆಟರ್ ನಡೆಯದು. ಎದುರಿಗೆ ಗುಂಡಿ ಇರುವ ಕಾರ್ಡಿಗನ್ನೇ ಆಗಬೇಕು.

ನಿನ್ನ ಗಂಡ, ಅಂದರೆ ನನ್ನ ತಮ್ಮ ಉಳವಪ್ಪ, ಅಂಗಡಿಯಿಂದ ಒಂದು ತಂದರಾಯಿತು ಅಂದನಂತೆ. ಅವನಿಗೆ ಹೇಳು: ಗಂಡ ಸತ್ತ ಮೇಲೆ ಎರಡು ಸೂಜಿ, ಒಂದು ಕಿಟಕಿ ಇಷ್ಟನ್ನೇ ನಂಬಿ ಹೆಣಿಗೆ ಕ್ಲಾಸು ತೆರೆದವಳು ನಾನು. ಹದಿನೆಂಟು ವರ್ಷವಾಯಿತು. ಈ ಪೇಟೆಯ ಅರ್ಧ ಕೂಸುಗಳ ಟೊಪ್ಪಿಗೆ ನನ್ನ ಕ್ಲಾಸಿನವು. ನನ್ನನ್ನು ಹಡೆದವಳು ಅಂಗಡಿಯ ಸ್ವೆಟರಿನಲ್ಲಿ ದವಾಖಾನೆಯಲ್ಲಿ ಮಲಗುವುದಾದರೆ ನಾನು ಬೋರ್ಡು ಇಳಿಸಿ ಒಲೆಗೆ ಹಾಕುವುದು ಒಳ್ಳೆಯದು.

ನೇರಳೆ ಬಣ್ಣದ ಉಲ್ಲನ್ ತೆಗೆದಿಟ್ಟಿದ್ದೇನೆ. ದಿನಾ ಖಾನಾಪುರದಿಂದ ರೈಲಿನಲ್ಲಿ ಬಂದು ಹೋಗುವ ನಿಮ್ಮೂರಿನ ಗುಮಾಸ್ತ ಪಂಢರಿನಾಥನ ಕೈಯಲ್ಲಿ ನೀನು ಕಳಿಸಿದ ಅವ್ವನ ಹಳೆಯ ಕುಬಸ ಮುಟ್ಟಿತು. ಎದೆ, ಬೆನ್ನು, ಹೆಗಲಿನ ಅಳತೆ ಅದರಿಂದ ತೆಗೆದುಕೊಂಡೆ. ಕುಬಸದ ತೋಳು ಮೊಣಕೈಗೇ ಮುಗಿಯುತ್ತದೆ. ಪೂರಾ ತೋಳಿಗೆ ನೀನು ಚೀಟಿಯಲ್ಲಿ ಬರೆದದ್ದು 'ಎರಡು ಗೇಣು, ಎರಡು ಬೆರಳು'. ಯಾರ ಗೇಣು ತಾಯಿ? ಇರಲಿ. ನನ್ನ ಕೈ ಥೇಟ್ ಅವ್ವನ ಕೈ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಗೇಣಿನಿಂದಲೇ ಲೆಕ್ಕ ಹಾಕಿ ವಹಿಯಲ್ಲಿ ಬರೆದಿದ್ದೇನೆ. ವಹಿಯಲ್ಲಿ ಬರೆದದ್ದು ಇನ್ನು ಬದಲಾಗುವುದಿಲ್ಲ.

ನೀವೇ ಬಂದು ಅಳೆಯಬಹುದಿತ್ತಲ್ಲ ಎಂದು ಕೇಳಬೇಡ. ಆ ಮನೆಗೆ ಲೋಂಡಾದಿಂದ ಯಾರು ಬಂದು ಹೋಗುತ್ತಾರೆ ಎಂಬುದು ನನಗೆ ಗೊತ್ತಿದೆ. ಅವಳು ಹತ್ತಿದ ಮೆಟ್ಟಿಲನ್ನು ನಾನು ಹತ್ತುವುದಿಲ್ಲ. ಹನ್ನೊಂದು ವರ್ಷದ ಮಾತು.

ಕಾಶವ್ವ


ಖಾನಾಪುರ
೩-೧೦-೧೯೭೮

ಅಕ್ಕಾವರಿಗೆ ಗಂಗಾದೇವಿಯ ಶರಣು.

ನಿಮ್ಮ ಪತ್ರವನ್ನು ಅತ್ತೆಯವರಿಗೆ ಓದಿ ಹೇಳಿದೆ. ಮೆಟ್ಟಿಲಿನ ಮಾತು ಬಿಟ್ಟು ಓದಿದೆ. ಆದರೂ "ಕಡೀಕ ಏನೋ ನುಂಗಿದಿ ನೀ" ಎಂದರು. ಪೊರೆ ಬಂದದ್ದು ಕಣ್ಣಿಗೆ, ಕಿವಿಗಲ್ಲ.

ಒಂದು ವಿಷಯ ಬರೆಯಬೇಕಾಗಿದೆ. ಸಿಟ್ಟಾಗಬಾರದು. ತೋಳು ಎರಡೂ ಇಲ್ಲೇ ಹೆಣೆಯಬೇಕೆಂದು ಅತ್ತೆಯವರು ಹಟ ಹಿಡಿದಿದ್ದಾರೆ. "ಮೈ ಕಾಶಿ ಮಾಡ್ಲಿ, ತೋಳು ಈ ಮನ್ಯಾಗ ಆಗ್ಲಿ. ಇಲ್ಲಂದ್ರ ನನಗ ಸ್ವೆಟರೂ ಬ್ಯಾಡ, ಆಪರೇಶನ್ನೂ ಬ್ಯಾಡ. ಕಂಡಷ್ಟು ಕಂಡೀನಿ, ಸಾಕು" ಎಂದು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟರು. ಇವರು ಎರಡು ದಿನ ರಮಿಸಿದರು. ಆಗಲಿಲ್ಲ.

ನನಗೆ ತವರಿನಲ್ಲಿ ಕಲಿತ ಹೆಣಿಗೆ ಸ್ವಲ್ಪ ಬರುತ್ತದೆ. ಉಲ್ಲನ್ನು ಮತ್ತು ಲೆಕ್ಕ ಬರೆದ ಚೀಟಿ ಕಳಿಸಿದರೆ ನಿಧಾನವಾಗಿ ಮಾಡುತ್ತೇನೆ.

ನಿಮ್ಮ
ಗಂಗಾ


ಶಹಾಪುರ, ಬೆಳಗಾವಿ
೯-೧೦-೧೯೭೮

ಗಂಗಾದೇವಿಗೆ,

ಆಶೀರ್ವಾದ ಅರ್ಧ ಮಾತ್ರ. ಉಳಿದರ್ಧ ತೋಳು ನೋಡಿದ ಮೇಲೆ.

ನಿನಗೆ ಹೆಣಿಗೆ ಬರುತ್ತದೆಂಬುದು ನನಗೆ ಹೊಸ ಸುದ್ದಿ. ಹೋದ ವರ್ಷ ನೀನು ಉಳವಪ್ಪನಿಗೆ ಹೆಣೆದುಕೊಟ್ಟ ಮಫ್ಲರ್ ನೋಡಿದ್ದೇನೆ. ಒಂದು ತುದಿ ನಾಲ್ಕು ಬೆರಳು, ಇನ್ನೊಂದು ತುದಿ ಮೊಳ. ಅವನು ಅದನ್ನು ಕೊರಳಿಗೆ ಸುತ್ತಿಕೊಂಡು ನನ್ನ ಬಾಗಿಲಿಗೆ ಬಂದಾಗ, ಅವನು ಕೆಲಸ ಮಾಡುವ ಹಂಚಿನ ಕಾರ್ಖಾನೆಯಲ್ಲಿ ಮೈಮೇಲೆ ಏನೋ ಬಿದ್ದು ಪಟ್ಟಿ ಕಟ್ಟಿದ್ದಾರೆ ಎಂದೇ ತಿಳಿದೆ.

ಆದರೆ ಅವ್ವ ಗೋಡೆಯ ಕಡೆ ತಿರುಗಿದಳೆಂದರೆ ಅಪ್ಪನೂ ಸೋಲುತ್ತಿದ್ದ. ಸೋತಿದ್ದೇನೆ. ಆರು ಉಂಡೆ ಉಲ್ಲನ್, ಒಂಬತ್ತನೆಯ ನಂಬರಿನ ಒಂದು ಜೋಡಿ ಸೂಜಿ, ಒಂದು ಬಿಡಿಸೂಜಿ ಕಳಿಸಿದ್ದೇನೆ. ಚೀಟಿಯಲ್ಲಿ ಎಲ್ಲ ಬರೆದಿದೆ, ಇಲ್ಲೂ ಬರೆಯುತ್ತೇನೆ, ಯಾಕೆಂದರೆ ಚೀಟಿ ಕಳೆಯಿತು ಎಂಬ ಮಾತು ನಾನು ಬಹಳ ಕೇಳಿದ್ದೇನೆ.

ಮಣಿಕಟ್ಟಿಗೆ ನಲವತ್ತನಾಲ್ಕು ಕುಣಿಕೆ ಏರಿಸು. ಮಣಿಕಟ್ಟಿನಿಂದ ಕಂಕುಳದವರೆಗೆ ನೂರಾ ಹನ್ನೆರಡು ಸಾಲು, ಹೆಚ್ಚಲ್ಲ, ಕಡಿಮೆಯಲ್ಲ. ಮೈ ಸಾದಾ ಇರುತ್ತದೆ. ಚೆಲುವೆಲ್ಲ ತೋಳಿನಲ್ಲಿ: ನಟ್ಟನಡುವೆ ಆರು ಕುಣಿಕೆಯ ಒಂದು ಹೆರಳು, ಮಣಿಕಟ್ಟಿನಿಂದ ಹೆಗಲಿನವರೆಗೆ. ಪ್ರತಿ ಎಂಟನೆಯ ಸಾಲಿಗೆ ಆರರಲ್ಲಿ ಮೊದಲ ಮೂರನ್ನು ಬಿಡಿಸೂಜಿಗೆ ಹಾಕಿ ಹಿಂದಕ್ಕೆ ಬಿಡು, ಉಳಿದ ಮೂರನ್ನು ಹೆಣೆ, ಆಮೇಲೆ ಹಿಂದಿನ ಮೂರನ್ನು ಹೆಣೆ. ಹೆರಳು ಬಲಕ್ಕೆ ಹೊರಳುತ್ತದೆ. ನನ್ನ ಕ್ಲಾಸಿನ ಹೆರಳೆಲ್ಲ ಬಲಕ್ಕೇ ಹೊರಳುವುದು. ಬೋರ್ಡು ಓದಲು ಬಾರದವರೂ ಅದನ್ನು ನೋಡಿ ಇದು ಕಾಶವ್ವನ ಮಾಲು ಎಂದು ಗುರುತು ಹಿಡಿಯುತ್ತಾರೆ.

ದೀಪಾವಳಿಗೆ ಎರಡೂ ತೋಳು ನನ್ನ ಕೈಯಲ್ಲಿರಬೇಕು.

ಕಾಶವ್ವ


ಖಾನಾಪುರ
೮-೧೧-೧೯೭೮

ಅಕ್ಕಾವರಿಗೆ ಶರಣು.

ದೀಪಾವಳಿ ಮುಗಿದು ವಾರವಾಯಿತು ಎಂದು ಗೊತ್ತಿದೆ. ಚಿಕ್ಕವನಿಗೆ ಗಂಟಲು ಬೇನೆ, ಹಬ್ಬದ ಕರಜಿಕಾಯಿ, ಸುಣ್ಣ ಬಳಿಯುವುದು, ಎಲ್ಲ ಒಟ್ಟಿಗೇ ಬಂದವು. ಒಂದು ತೋಳು ಆಗಿದೆ. ಪಂಢರಿನಾಥನ ಕೈಯಲ್ಲಿ ಕಳಿಸಿದ್ದೇನೆ. ಇನ್ನೊಂದು ಆಗುತ್ತದೆ.

ಅತ್ತೆಯವರು ಈಗ ಗೋಡೆಯ ಕಡೆ ಮಲಗುವುದಿಲ್ಲ. ದಿನಾ "ಕಾಶಿ ಏನ್ ಬರದ್ಳು?" ಎಂದು ಕೇಳುತ್ತಾರೆ.

ಗಂಗಾ


ಶಹಾಪುರ, ಬೆಳಗಾವಿ
೧೩-೧೧-೧೯೭೮

ಗಂಗಾದೇವಿಗೆ,

ತೋಳು ಮುಟ್ಟಿತು. ಮೊದಲು ಹೊಗಳಿಕೆ ಮುಗಿಸುತ್ತೇನೆ, ಅದು ಚಿಕ್ಕದು. ಕುಣಿಕೆ ಒಂದೇ ಸಮ ಇವೆ. ಎಲ್ಲಿಯೂ ಬಿಗಿಯಿಲ್ಲ, ಸಡಿಲಿಲ್ಲ. ಮಫ್ಲರಿನ ಕೈ ಇದೇ ಎಂದು ನಂಬಲು ಎರಡು ಸಲ ಕನ್ನಡಕ ಒರೆಸಿಕೊಳ್ಳಬೇಕಾಯಿತು.

ಇನ್ನು ತಪ್ಪು. ಒಂದು: ಸಾಲು ಎಣಿಸಿದೆ. ನೂರಾ ಇಪ್ಪತ್ತಾರು ಇವೆ. ನಾನು ಬರೆದದ್ದು ನೂರಾ ಹನ್ನೆರಡು. ಹದಿನಾಲ್ಕು ಸಾಲು ಎಲ್ಲಿಂದ ಬಂದವು? ಅವ್ವನ ಕೈ ಖಾನಾಪುರದ ನೀರಿಗೆ ಬೆಳೆಯಿತೇ?

ಎರಡು: ಹೆರಳು ಎಡಕ್ಕೆ ಹೊರಳಿದೆ! ಒಂದೆರಡು ಕಡೆ ತಪ್ಪಿದ್ದರೆ ಕೈತಪ್ಪು ಎನ್ನಬಹುದಿತ್ತು. ಕೆಳಗಿನಿಂದ ಮೇಲಿನವರೆಗೆ ಒಂದೂ ಬಿಡದೆ ಎಡಕ್ಕೆ. ಹಿಂದಕ್ಕೆ ಬಿಡು ಎಂದು ಎರಡು ಸಲ ಬರೆದಿದ್ದೆ. ಚೀಟಿಯಲ್ಲಿ ಒಂದು, ಪತ್ರದಲ್ಲಿ ಒಂದು. ಹಿಂದು ಮುಂದು ತಿಳಿಯದವರಿಗೆ ಮೂರನೆಯ ಸಲ ಎಲ್ಲಿ ಬರೆಯಲಿ?

ತೋಳನ್ನು ವಾಪಸು ಕಳಿಸಿದ್ದೇನೆ. ಪೂರಾ ಬಿಚ್ಚು. ಉಲ್ಲನ್ನನ್ನು ಲಡಿ ಸುತ್ತಿ, ನೀರಿನಲ್ಲಿ ಅದ್ದಿ, ನೆರಳಿನಲ್ಲಿ ಒಣಗಿಸು, ಸುಕ್ಕು ಹೋಗಲಿ. ಆಮೇಲೆ ಹೆಣೆ. ಮೈ ಇಲ್ಲಿ ಯಾವಾಗಲೋ ಮುಗಿದಿದೆ. ತೋಳಿಲ್ಲದೆ ಗೂಟಕ್ಕೆ ನೇತುಬಿದ್ದಿದೆ. ಕ್ಲಾಸಿನ ಹುಡುಗಿಯರು ದಿನಾ ಅದರ ಮುಖ ನೋಡಿ ಆಮೇಲೆ ನನ್ನ ಮುಖ ನೋಡುತ್ತಾರೆ.

ಕಾಶವ್ವ


ಖಾನಾಪುರ
೨೫-೧೧-೧೯೭೮

ಅಕ್ಕಾವರಿಗೆ ಶರಣು.

ನೀವು ಹೇಳಿದಂತೆ ಬಿಚ್ಚಿ ಮತ್ತೆ ಹೆಣೆದು ಕಳಿಸಿದ್ದೇನೆ. ಹೆರಳು ಈಗಲೂ ಸ್ವಲ್ಪ ಎಡಕ್ಕೇ ಕಾಣಬಹುದು. ನೀವು ಬರೆದಂತೆಯೇ ಮಾಡಿದ್ದು. ಆ ಕೈಗೆ ಹಾಗೇ ಬರುತ್ತದೆ, ಏನು ಮಾಡುವುದು? ಬೆಚ್ಚಗಂತೂ ಇದ್ದೇ ಇರುತ್ತದೆ. ಆಪರೇಶನ್ನಿನ ದಿನ ಹತ್ತಿರ ಬರುತ್ತಿದೆ, ದಯವಿಟ್ಟು ಇದನ್ನೇ ಜೋಡಿಸಿ.

ಗಂಗಾ


ಶಹಾಪುರ, ಬೆಳಗಾವಿ
೨೮-೧೧-೧೯೭೮

ಗಂಗಾದೇವಿ,

ಆಶೀರ್ವಾದ ಇಲ್ಲ.

ತೋಳನ್ನು ವಾಪಸು ಕಳಿಸುವ ಮೊದಲು ನಲವತ್ತನೆಯ ಸಾಲಿನ ಒಳಮೈಗೆ ಒಂದು ಕೆಂಪು ನೂಲಿನ ಎಳೆ ಕಟ್ಟಿದ್ದೆ. ನಂಬಿಕೆ ಬೇರೆ, ಗುರುತು ಬೇರೆ. ಹದಿನೆಂಟು ವರ್ಷ ಕ್ಲಾಸು ನಡೆದದ್ದು ಗುರುತಿನ ಮೇಲೆ. ಆ ಎಳೆ ಕಟ್ಟಿದಲ್ಲೇ ಇದೆ. ನೀನು ಒಂದು ಕುಣಿಕೆಯನ್ನೂ ಬಿಚ್ಚಿಲ್ಲ.

ಸುಳ್ಳು ಸಿಕ್ಕ ಮೇಲೆ ನಾನು ಸುಮ್ಮನೆ ಕೂಡುವವಳಲ್ಲ. ತೋಳನ್ನು ಕಿಟಕಿಗೆ ಹಿಡಿದು ಮೊದಲಿನಿಂದ ನೋಡಿದೆ. ಕುಣಿಕೆ ಏರಿಸಲು ಶುರು ಮಾಡಿದಾಗ ಬಿಟ್ಟ ದಾರದ ಬಾಲ ಎಲ್ಲರದೂ ಒಂದೇ ಅಂಚಿನಲ್ಲಿ ಇಳಿಯುತ್ತದೆ. ಇದರಲ್ಲಿ ಇನ್ನೊಂದು ಅಂಚಿನಲ್ಲಿದೆ. ಹೆಗಲಿನ ಹತ್ತಿರ ಕುಣಿಕೆ ಕಡಿಮೆ ಮಾಡಿದ್ದೂ ತಿರುವುಮುರುವು. ಇಡೀ ತೋಳು ಕನ್ನಡಿಯಲ್ಲಿ ಹೆಣೆದ ಹಾಗಿದೆ. ಹೀಗೆ ಹೆಣೆಯುವ ಕೈಯನ್ನು ನಾನು ನನ್ನ ಆಯುಷ್ಯದಲ್ಲಿ ಒಂದೇ ನೋಡಿದ್ದೇನೆ. ಆ ಕೈ ಲೋಂಡಾದಲ್ಲಿದೆ.

ನನ್ನ ತಂಗಿ ಚಂದ್ರವ್ವನ ಕೈಯಿಂದ ಹೆಣಿಸಿ ನನ್ನ ಕೈಯಿಂದ ಜೋಡಿಸಬೇಕೆಂದು ಮಾಡಿದಿರೇನು? ಅವಳು ನನಗೆ ಮಾಡಿದ್ದು ಆ ಮನೆಯಲ್ಲಿ ಎಲ್ಲರೂ ಮರೆತಿದ್ದೀರಿ. ನಾನೇ ಕಲಿಸಿದೆ. ಏಳು ವರ್ಷ ಕ್ಲಾಸಿನಲ್ಲಿ ನನ್ನ ಜೊತೆಗಿದ್ದಳು. ಅರವತ್ತೇಳರ ನವೆಂಬರಿನಲ್ಲಿ, ತುಂಬಿದ ಸೀಜನ್ನಿನಲ್ಲಿ, ಹತ್ತೊಂಬತ್ತು ಸ್ವೆಟರ್ ಸೂಜಿಯ ಮೇಲಿರುವಾಗ, ಒಂದು ಮಾತೂ ಹೇಳದೆ ಗಂಟು ಕಟ್ಟಿಕೊಂಡು ಲೋಂಡಾದ ರೈಲು ಹತ್ತಿದಳು. ಗಂಡನಿಗೆ ಅಲ್ಲಿ ನೌಕರಿ ಆಗಿ ಆರು ತಿಂಗಳಾಗಿತ್ತು. ಆ ಆರು ತಿಂಗಳು ಬರದ ಅವಸರ ಅವತ್ತು ಬಂದಿತ್ತು. ಆ ಹತ್ತೊಂಬತ್ತನ್ನೂ ನಾನೊಬ್ಬಳೇ ಮುಗಿಸಿದೆ. ಬಲಗೈಯ ಹೆಬ್ಬೆರಳು ಇವತ್ತಿಗೂ ಥಂಡಿಗೆ ಮಡಚುವುದಿಲ್ಲ.

ಈ ತೋಳನ್ನು ನಾನು ಜೋಡಿಸುವುದಿಲ್ಲ. ಇದಕ್ಕೆ ಉತ್ತರ ಬರೆಯುವ ಶ್ರಮ ತೆಗೆದುಕೊಳ್ಳಬೇಡ.

ಕಾಶವ್ವ


ಖಾನಾಪುರ
೬-೧೨-೧೯೭೮

ಅಕ್ಕಾವರಿಗೆ,

ಬರೆಯಬೇಡ ಎಂದಿದ್ದೀರಿ. ಬರೆಯುತ್ತಿದ್ದೇನೆ. ಎರಡು ತಿಂಗಳು ನನಗೆ ಬಾರದ ವಿದ್ಯೆ ಬರುತ್ತದೆಂದು ಬರೆದೆ, ಇನ್ನು ಖರೇ ಬರೆಯಲು ಹೆದರಿಕೆಯಿಲ್ಲ.

ಅವತ್ತು, ತೋಳಿನ ಹಟ ಹಿಡಿದಾಗ, ನಾನು ಅತ್ತ್ಯಾರನ್ನು ಕೇಳಿದ್ದೆ: "ಈ ಮನ್ಯಾಗ ಹೆಣಿಯಾಕ ಬರೂದು ಯಾರಿಗ್ರಿ?" ಅವರು ಅಂದರು: "ನಿನಗ ಬರ್ತದ ಅಂತ ಬರಿ. ಉಲ್ಲನ್ ಬಂದ ಮ್ಯಾಲ ಲೋಂಡಾಕ್ಕ ಒಯ್ದು ಚಂದ್ರಿಗೆ ಕೊಡು. ಪಟ್ಟಿ ಬಿಚ್ಚಿದಾಗ ಕಣ್ಣು ಬರ್ತಾವೋ ಇಲ್ಲೋ, ಆ ಡಾಕ್ಟರಗೂ ಖಾತ್ರಿ ಇಲ್ಲ. ಒಂದ ಅಂಗ್ಯಾಗ ಇಬ್ರ ಕೈಯೂ ಇದ್ರ ನಾ ಧೈರ್ಯಾಲೆ ಮಲಗ್ತೀನಿ." ಇಷ್ಟು ಕೇಳಿದ ಮೇಲೆ ನಾನು ಇನ್ನೇನು ಮಾಡಬೇಕಿತ್ತು, ನೀವೇ ಹೇಳಿ.

ನಾನೇ ರೈಲಿನಲ್ಲಿ ಹೋಗಿ ಕೊಟ್ಟು ಬಂದೆ. ಚಂದ್ರಕ್ಕ ಉಲ್ಲನ್ನಿನ ಬಣ್ಣ ನೋಡಲಿಲ್ಲ. ಮೊದಲು ನಿಮ್ಮ ಚೀಟಿ ಬಿಡಿಸಿ ಬಹಳ ಹೊತ್ತು ನೋಡಿದರು. "ಅಕ್ಷರ ಇನ್ನೂ ಸೊಟ್ಟನ ಅದಾವ" ಎಂದರು.

ನೀವು ವಾಪಸು ಕಳಿಸಿದ ತೋಳನ್ನು ಒಯ್ದಾಗ ಮಾತ್ರ ಸಿಟ್ಟಿಗೆದ್ದರು. "ನಾ ಬಿಚ್ಚೂದಿಲ್ಲ ಅಂತ ಹೇಳು. ಆಕಿ ಬರದಂಗ ಮಾಡೀನಿ. ಮೂರು ಹಿಂದ ಬಿಡು ಅಂದಾಳ, ಬಿಟ್ಟೀನಿ. ನನ್ನ ಕೈ ಎಡಕ್ಕ ಯಾಕ ಹೊರಳತಾವು ಅನ್ನೂದು ಕಲಿಸಿದಾಕಿನ್ನ ಕೇಳು. ಏಳು ವರ್ಷ ಅದ ಕಿಟಕಿಗೆ ಎದುರಾ ಬದುರಾ ಕುಂತೀವಿ. ನೀ ಉಲ್ಟಾ ಹೆಣಿತೀ ಅಂತ ಒಂದಿನಾನೂ ಅನ್ನಲಿಲ್ಲ. ಅಂದಿದ್ದು ನಲವತ್ತು ಹೆಂಗಸರ ಮುಂದ" ಎಂದರು. ನಲವತ್ತು ಹೆಂಗಸರ ಮುಂದೆ ಏನು ಅಂದಿರಿ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ಉಳಿದ ಮೂರು ಉಂಡೆಯನ್ನು ವಾಪಸು ಕೊಟ್ಟಿದ್ದಾರೆ. "ಇನ್ನೊಂದು ತೋಳು ಆಕಿನ ಮಾಡ್ಲಿ. ಇಲ್ಲಾ, ಅವ್ವ ಒಂದ ತೋಳಿನ ಅಂಗಿ ಹಾಕ್ಕೊಳ್ಲಿ" ಎಂದಿದ್ದಾರೆ. ಉಂಡೆಗಳನ್ನು ಕಳಿಸಿದ್ದೇನೆ.

ಇನ್ನೊಂದು ಸುದ್ದಿ. ನೀವು ತೋಳು ಜೋಡಿಸುವುದಿಲ್ಲ ಎಂದದ್ದನ್ನು ಅತ್ತ್ಯಾರಿಗೆ ಹೇಳಬೇಕಾಯಿತು. ಗೋಡೆಯ ಕಡೆ ತಿರುಗಿದ್ದಾರೆ.

ಗಂಗಾ


ಶಹಾಪುರ, ಬೆಳಗಾವಿ
೩೦-೧೨-೧೯೭೮

ಗಂಗಾದೇವಿಗೆ,

ಮೂರು ವಾರ ಬರೆಯಲಿಲ್ಲ. ಹೆಬ್ಬೆರಳಿನ ನೋವು ಎಂದು ನೆಪ ಹೇಳಬಹುದಿತ್ತು. ನೋವು ಇದೆ, ಆದರೆ ಕಾರಣ ಅದಲ್ಲ.

ಆಪರೇಶನ್ ಜನವರಿ ಹದಿನೆಂಟಕ್ಕೆ ನಿಶ್ಚಯವಾಗಿದೆ. ಅವ್ವನಿಗೆ ಹೇಳು, ಇನ್ನೊಂದು ತೋಳನ್ನು ನಾನು ಹೆಣೆದಿದ್ದೇನೆ. ಚಂದ್ರಿಯ ತೋಳನ್ನು ಬಿಚ್ಚಿಲ್ಲ.

ಕ್ಲಾಸಿಗೆ ಕಾಂತಾ ಎಂಬ ಹೊಸ ಹುಡುಗಿ ಸೇರಿದ್ದಾಳೆ. ನನ್ನ ವಿದ್ಯಾರ್ಥಿನಿಯರೆಲ್ಲ ನನ್ನ ಬಾಜು ಬೆಂಚಿನ ಮೇಲೆ ಕೂಡುತ್ತಾರೆ. ಈ ಬೆಂಚು ಬಂದದ್ದು ಅರವತ್ತೆಂಟರಲ್ಲಿ, ಚಂದ್ರಿ ಹೋದ ಮೇಲೆ. ಮೊನ್ನೆ ಬೆಂಚು ತುಂಬಿತ್ತು. ಕಾಂತಾಗೆ ಕಿಟಕಿಯ ಆ ಕಡೆ, ನನ್ನ ಎದುರಿಗೆ ಕೂಡಲು ಹೇಳಿದೆ. ಅರ್ಧ ತಾಸಿನ ಮೇಲೆ ನೋಡಿದರೆ ದಾರ ಎಡಗೈಯಲ್ಲಿ, ಕುಣಿಕೆಗಳೆಲ್ಲ ಬಲ ಸೂಜಿಯ ಮೇಲೆ, ಹೆಣಿಗೆ ಪೂರಾ ತಿರುವುಮುರುವು.

"ಏನ್ ಮಾಡಾಕತ್ತೀಯವ್ವಾ?" ಎಂದೆ.

"ನೀವು ಮಾಡಿದ್ದನ್ನ ಮಾಡಾಕತ್ತೀನ್ರೀ ಬಾಯಾರ. ನಿಮ್ಮ ದಾರದ ಕೈ ಕಿಟಕಿ ಕಡೆ ಅದ. ನಂದೂ ಕಿಟಕಿ ಕಡೆ ಅದ."

ಖರೇ. ನನ್ನ ಬಲಗೈ ಕಿಟಕಿಯ ಕಡೆ ಇತ್ತು, ಎದುರಿಗೆ ಕೂತ ಅವಳಿಗೆ ಕಿಟಕಿಯ ಕಡೆ ಇರುವುದು ಎಡಗೈ. ಹುಡುಗಿಯ ತಪ್ಪು ಒಂದು ಸಾಲಿನಷ್ಟೂ ಇಲ್ಲ. ಅವತ್ತು ಕ್ಲಾಸನ್ನು ಬೇಗ ಬಿಟ್ಟೆ.

ಅರವತ್ತರಲ್ಲಿ ಈ ಖೋಲಿಗೆ ಬೆಳಕು ಬರುತ್ತಿದ್ದುದು ಆ ಒಂದು ಕಿಟಕಿಯಿಂದ. ನಾನು ಈ ಕಡೆ, ಚಂದ್ರಿ ಆ ಕಡೆ. ಬೆಳಕು ಇಬ್ಬರಿಗೂ ಸಮ ಬೀಳಲಿ ಎಂದು ನಾನೇ ಎದುರಿಗೆ ಕೂಡಿಸಿದ್ದೆ. ಅವಳ ಹೆಣಿಗೆ ತಿರುವುಮುರುವು ಆದದ್ದು ನನ್ನ ಕಣ್ಣಿಗೆ ಬಿದ್ದಾಗ ಎರಡು ವರ್ಷವಾಗಿತ್ತು. ಆಗ ತಿದ್ದಲು ಪುರಸೊತ್ತು ಇರಲಿಲ್ಲ, ಗಿರಾಕಿಗಳಿದ್ದರು. ತಲೆ ತಿರುಗಿದವಳು ಎಂದು ಮನಸ್ಸಿನಲ್ಲೇ ನಕ್ಕು ಬಿಟ್ಟೆ. ಅರವತ್ತೇಳರಲ್ಲಿ ಮಹಿಳಾ ಮಂಡಳದ ಪ್ರದರ್ಶನಕ್ಕೆ ಅವಳು ಕೂಸಿನ ಸ್ವೆಟರ್ ಒಂದನ್ನು ಇಟ್ಟಳು. ನೋಡಲು ಬಂದ ದೊಡ್ಡವರೊಬ್ಬರು ಹೆರಳನ್ನು ಬೆರಳಿನಿಂದ ಮುಟ್ಟಿ, "ಇದ್ಯಾಕ ಹಿಂಗ ಉಲ್ಟಾ?" ಎಂದರು. ನಲವತ್ತು ಹೆಂಗಸರು ನನ್ನ ಕಡೆ ನೋಡಿದರು. ನಾನು ಮೂರು ಶಬ್ದ ಹೇಳಿದೆ: "ಇದು ನನ್ನ ಕ್ಲಾಸಿಂದಲ್ಲ."

ಅವಳು ಅಲ್ಲೇ, ಮೇಜಿನ ಆ ಕಡೆ ನಿಂತಿದ್ದಳು. ಮರುದಿನ ರೈಲು ಹತ್ತಿದಳು. ಹತ್ತೊಂಬತ್ತು ಸ್ವೆಟರಿನ ಲೆಕ್ಕ ಇಷ್ಟು ವರ್ಷ ಎಲ್ಲರಿಗೂ ಹೇಳಿದ್ದೇನೆ. ಈ ಮೂರು ಶಬ್ದಗಳನ್ನು ಎಲ್ಲಿಯೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಇದನ್ನು ಅವಳಿಗೆ ಓದಿ ಹೇಳಬೇಡ.

ಆದರೆ ತಪ್ಪು ತಪ್ಪೇ: ಅವಳ ತೋಳು ನನ್ನದಕ್ಕಿಂತ ಹದಿನಾಲ್ಕು ಸಾಲು ಉದ್ದವಿದೆ. ಲೆಕ್ಕ ಬರೆದುಕೊಟ್ಟರೂ ಮನಸ್ಸಿಗೆ ಬಂದಂತೆ ಹೆಣೆಯುವುದು ಅವಳ ಹಳೆಯ ಚಾಳಿ. ಎರಡೂ ತೋಳು ಕಳಿಸಿದ್ದೇನೆ. ಅವ್ವನ ಕೈಗೆ ಹಾಕಿ ನೋಡಿ, ಅವಳದು ಎಷ್ಟು ಉದ್ದವಾಗುತ್ತದೆ ಬರಿ. ಮೇಲಿನಿಂದ ಅಷ್ಟನ್ನೇ ಬಿಚ್ಚುತ್ತೇನೆ.

ಕಾಶವ್ವ


ಖಾನಾಪುರ
೬-೧-೧೯೭೯

ಅಕ್ಕಾವರಿಗೆ ಶರಣು.

ಅತ್ತ್ಯಾರ ಕೈಗೆ ಎರಡೂ ತೋಳು ಹಾಕಿ ನೋಡಿದೆ. ಚಂದ್ರಕ್ಕನದು ಮಣಿಕಟ್ಟಿಗೆ ಸರಿಯಾಗಿ ಬಂದು ನಿಲ್ಲುತ್ತದೆ. ನಿಮ್ಮದು ಬಳೆಯ ಮೇಲೆಯೇ ಮುಗಿಯುತ್ತದೆ. ಎರಡು ಇಂಚು ಗಿಡ್ಡ.

ಚೀಟಿಯಲ್ಲಿ ಬರೆದ ಗೇಣು ನಿಮ್ಮ ತಮ್ಮಂದು. ಅವತ್ತು ನನ್ನ ಕೈ ಹಿಟ್ಟಿನಲ್ಲಿದ್ದವು, ಅಳೆದವರು ಅವರು. ಅವರ ಗೇಣು ಅತ್ತ್ಯಾರದಕ್ಕಿಂತ, ಅಂದರೆ ನಿಮ್ಮದಕ್ಕಿಂತಲೂ, ಒಂದು ಇಂಚು ದೊಡ್ಡದು ಎಂದು ನಿನ್ನೆ ಅಳತೆಪಟ್ಟಿ ಇಟ್ಟು ನೋಡಿದಾಗ ತಿಳಿಯಿತು. ಚಂದ್ರಕ್ಕ ಮಹಾನವಮಿ ಅಮಾವಾಸ್ಯೆಗೆ ಬಂದಾಗ ಅತ್ತ್ಯಾರ ಕೈಯನ್ನೇ ಹಿಡಿದು ಅಳೆದುಕೊಂಡಿದ್ದರು. ಇದನ್ನು ನಾನು ಆಗಲೇ ಬರೆಯಬಹುದಿತ್ತು. ಬರೆದಿದ್ದರೆ ಅಳೆದವರು ಯಾರು ಎಂದು ನೀವು ಕೇಳುತ್ತಿದ್ದಿರಿ.

ಚಂದ್ರಕ್ಕನಿಗೆ ಓದಿ ಹೇಳಬೇಡ ಎಂದಿದ್ದಿರಿ. ಓದಿ ಹೇಳಲಿಲ್ಲ. ಪತ್ರವನ್ನೇ ಕೊಟ್ಟುಬಿಟ್ಟೆ. ಎರಡು ಸಲ ಓದಿದರು. ಮಡಿಸಿ ಸೂಜಿಯ ಡಬ್ಬಿಯೊಳಗೆ ಇಟ್ಟರು. "ಅಕ್ಷರ ಸ್ವಲ್ಪ ಸುಧಾರಿಸ್ಯಾವ" ಎಂದರು. ದವಾಖಾನೆಗೆ ಬರುತ್ತೀರಾ ಎಂದು ಕೇಳಿದೆ. ಡಬ್ಬಿಯ ಮುಚ್ಚಳ ಒತ್ತಿ ಹಾಕಿ ಒಲೆಯ ಕಡೆ ಎದ್ದರು.

ಗಂಗಾ


ಬೆಳಗಾವಿ
೨೪-೧-೧೯೭೯

ಚಿ. ಸೌ. ಗಂಗಾದೇವಿಗೆ ಪೂರ್ಣ ಆಶೀರ್ವಾದ. ಅಕ್ಟೋಬರಿನ ಬಾಕಿ ಅರ್ಧವೂ ಸೇರಿದೆ.

ಉಳವಪ್ಪ ಆಪರೇಶನ್ನಿನ ಸುದ್ದಿ ಹೇಳಿರುತ್ತಾನೆ. ಗಂಡಸರು ಅವ್ವ ಆರಾಮ ಇದ್ದಾಳೆ ಎಂದು ಹೇಳಿ ಊಟಕ್ಕೆ ಕೂಡುತ್ತಾರೆ. ಉಳಿದದ್ದನ್ನು ನಾನು ಬರೆಯುತ್ತೇನೆ.

ನಿನ್ನ ಪತ್ರದ ಜೊತೆ ಎರಡೂ ತೋಳು ವಾಪಸು ಬಂದವು. ಬಿಚ್ಚಬೇಕಾದದ್ದು ನನ್ನ ತೋಳು! ಹೆಗಲಿನ ಕಡೆಯಿಂದ ಬಿಚ್ಚಿ, ಹದಿನಾಲ್ಕು ಸಾಲು ಸೇರಿಸಿ, ಹೆಗಲನ್ನು ಹೊಸದಾಗಿ ಕಟ್ಟಿದೆ. ವಹಿಯಲ್ಲಿ ನೂರಾ ಹನ್ನೆರಡನ್ನು ಹೊಡೆದುಹಾಕಿ ನೂರಾ ಇಪ್ಪತ್ತಾರು ಎಂದು ಬರೆದೆ. ಆ ವಹಿಯಲ್ಲಿ ಅದು ಮೊದಲನೆಯ ತಿದ್ದುಪಡಿ. ಒದ್ದೆ ಬಟ್ಟೆ ಹಾಸಿ ತೋಳುಗಳನ್ನು ಒಣಗಿಸಿ ಮೈಗೆ ಜೋಡಿಸುವ ಹೊತ್ತಿಗೆ ಹದಿನೇಳನೆಯ ತಾರೀಖು. ಗುಂಡಿ ಹಚ್ಚಲು ಹೆಬ್ಬೆರಳು ಒಪ್ಪಲಿಲ್ಲ. ಆರರಲ್ಲಿ ಎರಡು ಹಚ್ಚಿ ಹಾಗೇ ತಂದು ಅವ್ವನ ಮೈಗೆ ಹಾಕಿದೆವು.

ಆಪರೇಶನ್ ಆದ ಮೂರನೆಯ ದಿನ ಬೆಳಗಿನ ರೈಲಿಗೆ ಚಂದ್ರಿ ದವಾಖಾನೆಗೆ ಬಂದಳು. ಕೂದಲು ನನ್ನದಕ್ಕಿಂತ ಹೆಚ್ಚು ಹಣ್ಣಾಗಿದೆ. ಕಾಟಿನ ಆ ಕಡೆ ನಿಂತಳು, ನಾನು ಈ ಕಡೆ. ನಡುವೆ ಅವ್ವ, ಎರಡೂ ಕಣ್ಣಿಗೆ ಪಟ್ಟಿ.

"ಯಾರು ಬಂದ್ರು?" ಎಂದಳು ಅವ್ವ.

ಅವ್ವ ತನ್ನ ಬಲಗೈಯಿಂದ ಎಡ ತೋಳನ್ನು ಸವರಿದಳು. ಆಮೇಲೆ ಎಡಗೈಯಿಂದ ಬಲ ತೋಳನ್ನು. ಮಣಿಕಟ್ಟಿನಿಂದ ಹೆಗಲಿನವರೆಗೆ, ಒಂದೊಂದೇ ಹೊರಳು ಎಣಿಸಿದ ಹಾಗೆ.

"ಇದು ಹಿಂಗ ಹೊರಳೇತಿ, ಇದು ಹಂಗ ಹೊರಳೇತಿ. ಎರಡೂ ನನ್ನ ಎದಿ ಕಡೆ ಮುಖಾ ಮಾಡ್ಯಾವ. ಅಂದ್ರ ಇಬ್ರೂ ಇಲ್ಲೇ ಅದೀರಿ. ಮಾತಾಡ್ರಿ. ಇಲ್ಲಂದ್ರ ನಾ ಕೆಮ್ತೀನಿ."

"ಬ್ಯಾಡವಾ!" ಎಂದು ಇಬ್ಬರೂ ಒಟ್ಟಿಗೇ ಕೂಗಿದೆವು. ಬಾಜು ಕಾಟಿನ ಮುದುಕಿ ಎದ್ದು ಕೂತಳು.

ಬಾಯಿ ತೆರೆದ ಮೇಲೆ ಏನಾದರೂ ಹೇಳಲೇಬೇಕಲ್ಲ. ಹನ್ನೊಂದು ವರ್ಷದಲ್ಲಿ ಏನೇನು ಹೇಳಬೇಕೆಂದು ಇಟ್ಟುಕೊಂಡಿದ್ದೆನೋ ಒಂದೂ ನೆನಪಿಗೆ ಬರಲಿಲ್ಲ. "ನಿನ್ನ ಹದಿನಾಲ್ಕು ಸಾಲು ಬರೋಬ್ಬರಿ ಇದ್ವು" ಎಂದೆ.

"ಗೊತ್ತದ" ಎಂದಳು. ಆಮೇಲೆ ಅವ್ವನ ಎದೆಯ ಮೇಲೆ ಬಾಗಿ ನೋಡಿದಳು. "ಆರು ಕಾಜ, ಎರಡ ಗುಂಡಿ. ಇದು ನಿನ್ನ ಕ್ಲಾಸಿಂದಾ?"

ಆ ಮಾತನ್ನು ಅವಳು ಇಟ್ಟುಕೊಂಡೇ ಬಂದಿದ್ದಳು. ನಾನು ನುಂಗಿದೆ. ಇದ್ದದ್ದನ್ನೇ ಹೇಳಿದೆ: "ಅಲ್ಲ. ಅರ್ಧಾ ನಿಂದು."

ಚೀಲದಿಂದ ಸೂಜಿ, ನೂಲು, ನಾಲ್ಕು ಗುಂಡಿ ತೆಗೆದು ಕೊಟ್ಟೆ. ಅವಳಿದ್ದ ಕಡೆ ಗೋಡೆ, ಬೆಳಕು ಕಡಿಮೆ. "ಈ ಕಡೆ ಬಾ, ನನ್ನ ಬಾಜು ಕುಂದರು. ಕಿಟಕಿ ಇಲ್ಲೈತಿ" ಎಂದೆ. ಅದನ್ನು ಹೇಳಲು ನನಗೆಷ್ಟು ಕಷ್ಟವಾಯಿತೆಂದು ನಿನಗೆ ಬರೆಯುವುದಿಲ್ಲ.

ಅವಳು ಸ್ಟೂಲನ್ನು ಅಲ್ಲಿಯೇ, ನನ್ನ ಎದುರಿಗೇ ಎಳೆದುಕೊಂಡಳು. "ಬಾಜು ಕುಂತ್ರ ನನಗೇನೂ ತಿಳಿಯೂದಿಲ್ಲಕ್ಕಾ. ಹಿಂಗ ಇರ್ಲಿ" ಎಂದಳು.

ಇಷ್ಟು ವರ್ಷವಾದರೂ ಹೇಳಿದ್ದು ಕೇಳುವವಳಲ್ಲ. ಆದರೆ ಬೆಳಕು ಬೇಕಲ್ಲ. ನಾನೇ ಎದ್ದು ಕಿಟಕಿಯ ಪರದೆಯನ್ನು ಪೂರಾ ಸರಿಸಿ ಬಂದು ಕೂತೆ.

ನಾಳೆ ಪಟ್ಟಿ ಬಿಚ್ಚುತ್ತಾರೆ. ಕಣ್ಣು ಎಷ್ಟು ಬರುತ್ತವೋ ಡಾಕ್ಟರರು ಇನ್ನೂ ಹೇಳುವುದಿಲ್ಲ. ಅವ್ವ ಮಾತ್ರ ಕೇಳುವುದನ್ನು ಬಿಟ್ಟಿದ್ದಾಳೆ. ಮನೆಗೆ ಕಳಿಸುವ ದಿನ ಅವಳನ್ನು ನಾನೇ ಖಾನಾಪುರಕ್ಕೆ ಕರೆತರುತ್ತೇನೆ, ಚಂದ್ರಿಯೂ ಬರುತ್ತಾಳೆ. ಇಬ್ಬರೂ ಒಂದೇ ಮೆಟ್ಟಿಲು ಹತ್ತಬೇಕಾಗುತ್ತದೆ. ಬೇರೆ ಮೆಟ್ಟಿಲು ನಿಮ್ಮ ಮನೆಗಿಲ್ಲ.

ನಾಲ್ಕು ಗುಂಡಿಯನ್ನೂ ಅವಳೇ ಹಚ್ಚಿದಳು. ಗುಂಡಿಯ ಬುಡಕ್ಕೆ ನೂಲು ಸುತ್ತಿದ್ದು ಕೂಡ ಉಲ್ಟಾ. ಅವಳು ಚಹಾ ಕುಡಿಯಲು ಹೋದಾಗ ಒಂದೊಂದನ್ನೇ ಹಿಡಿದು ಎಳೆದು ನೋಡಿದೆ. ಗಟ್ಟಿ ಇವೆ. ಬಿಚ್ಚಲಿಲ್ಲ.

ಕಾಶವ್ವ